ಹಳೇ ಬೂಟಿಗೆ ಹೊಸ ಅಟ್ಟೆ ಹಾಕಿಸಿದರೆ ಕಾಲಿಗೆ ಕೂತಿರೋ ಹದ ಹೋಗುತ್ತಾ?

ಕಾಫಿಗಿಡ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮಳೆಗಾಲದಲ್ಲಿ ಗಂಬೂಟು, ಮಳೆ ನಿಂತ ಮೇಲೆ ಕಾಫಿ ಕೊಯ್ಲು ಮುಗಿದು ಮತ್ತೆ ಮಳೆ ಹಿಡಿಯೋವರೆಗೂ ಚರ್ಮದ ಬೂಟು. ಪ್ರಶ್ನೆ ಆ ಚರ್ಮದ ಬೂಟಿನ ಬಗ್ಗೆ.

ಕಣಕಾಲು ಮುಚ್ಚುವ ಕಂದು ಬೂಟು, ಅಂಚಿನ ಸುತ್ತ ಹೊಲಿಗೆ ಕಾಣುವಂಥದ್ದು. ತಗೊಂಡಾಗ ಮೈಯೆಲ್ಲ ಒಂದೇ ಬಣ್ಣ ಇತ್ತು. ಈಗ ಬಲಗಾಲಿನ ಮೂತಿ ಮಾತ್ರ ತಿಳಿಯಾಗಿದೆ. ಗಿಡದ ಬುಡದಲ್ಲಿ ಕೂತು ಚಿಗುರು ತೆಗೆಯುವಾಗ ನಾನು ಯಾವಾಗಲೂ ಆ ಕಾಲಿನ ಬೆರಳು ಮಡಚಿ ನೆಲಕ್ಕೆ ಊರಿ ಕೂರೋದು. ಬೆರಳ ಬುಡದಲ್ಲಿ ಅಡ್ಡಡ್ಡ ಮೂರು ದಪ್ಪ ಮಡಿಕೆ ಬಿದ್ದಿವೆ, ಸರಿಯಾಗಿ ನನ್ನ ಕಾಲು ಬಗ್ಗೋ ಜಾಗದಲ್ಲಿ. ಒಳಗೆ ಕೈ ಹಾಕಿ ನೋಡಿದರೆ ಹೆಬ್ಬೆರಳಿಗೊಂದು ಗುಳಿ, ಹಿಮ್ಮಡಿಗೊಂದು ಬಟ್ಟಲು, ಮಧ್ಯೆ ಪಾದ ಎತ್ತರ ಆಗೋ ಕಡೆ ಚರ್ಮ ಇನ್ನೂ ಮೊದಲಿನಷ್ಟೇ ಎತ್ತರಕ್ಕಿದೆ. ಬೆಳಿಗ್ಗೆ ಕಾಲು ತೂರಿಸಿ ಲೇಸು ಎಳೆದರೆ ಆಯ್ತು, ಸಂಜೆವರೆಗೆ ಬೂಟು ಹಾಕಿದ್ದೇ ನೆನಪಾಗಲ್ಲ. ಅದೇ ನನಗೆ ಅದರ ಮೇಲಿರೋ ಪ್ರೀತಿ. ನೋಡೋಕೂ ಅಂಗಡಿಯಲ್ಲಿದ್ದಾಗಿಗಿಂತ ಈಗಲೇ ಚೆಂದ ಅನ್ಸುತ್ತೆ.

ತೊಂದರೆ ಏನಂದ್ರೆ ಅಟ್ಟೆ ಸವೆದು ನುಣ್ಣಗಾಗಿದೆ. ಇಳಿಜಾರಲ್ಲೇ ಓಡಾಟ, ಹಿಮ್ಮಡಿಯ ಹೊರ ಅಂಚು ಓರೆಯಾಗಿ ಹೋಗಿದೆ, ಒಣಗಿದ ತರಗೆಲೆ ಮೇಲೆ ಜಾರುತ್ತೆ. ಅದಕ್ಕೇ ಹೊಸದೊಂದು ಜೊತೆ ತಂದೆ. ನಂಬರೂ ಅದೇ, ಉದ್ದವೂ ಅಷ್ಟೇ. ಆದರೂ ಕಿರುಬೆರಳ ಬುಡದಲ್ಲಿ ಕಚ್ಚುತ್ತೆ, ನಡೆದರೆ ಹಿಮ್ಮಡಿ ಎದ್ದೆದ್ದು ಬರುತ್ತೆ.

ಹಳೇದಕ್ಕೇ ಅಟ್ಟೆ ಹಾಕಿಸೋಣ ಅನ್ನೋದು ನನ್ನ ಮನಸ್ಸು. ಹಾಗೆ ಮಾಡಿದರೆ ಒಳಗಿನ ಈ ಗುಳಿ, ಈ ಹದ ಎಲ್ಲ ಉಳಿಯುತ್ತಾ? ಕಂಪನಿಗೆ ಕಳಿಸಬೇಕಾ, ಪೇಟೆಯಲ್ಲಿ ಹೊಲಿಯೋರ ಹತ್ತಿರ ಕೊಡಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಹವಾಲ್ದಾರ್_ಸೋಮವಾರಪೇಟೆ

ಸರ್, ನಾನು ಸೈನ್ಯದಲ್ಲಿದ್ದವನು. ಡ್ರಿಲ್ಲಿಗೆ ನಮಗೆ ಅಮ್ಯುನಿಷನ್ ಬೂಟು ಅಂತ ಇರ್ತಿತ್ತು, ಅಟ್ಟೆ ತುಂಬ ಕಬ್ಬಿಣದ ಮೊಳೆ, ಹಿಮ್ಮಡಿಗೆ ಲಾಳ. ಮಿಕ್ಕ ಕೆಲಸಕ್ಕೆ ಡಿಎಂಎಸ್ ಬೂಟು. ಅದರ ರಬ್ಬರ್ ಅಟ್ಟೆಯನ್ನ ಅಚ್ಚಿನಲ್ಲಿ ನೇರವಾಗಿ ಚರ್ಮಕ್ಕೇ ಹೊಯ್ದಿರ್ತಾರೆ, ಬಿಚ್ಚೋಕೆ ಹೊಲಿಗೆನೇ ಇರಲ್ಲ. ನಿಮ್ಮದಕ್ಕೆ ಹೊಲಿಗೆ ಇದೆ ಅಂದ್ರೆ ಬಿಡಬೇಡಿ, ಹಾಕಿಸಿ.

ಹೊಸ ಬೂಟನ್ನ ಮಾತ್ರ ಮೊದಲ ದಿನವೇ ತೋಟಕ್ಕೆ ಹಾಕ್ಕೊಂಡು ಹೋಗಬೇಡಿ. ದಪ್ಪ ಕಾಲುಚೀಲ ಹಾಕಿ ಸಂಜೆ ಹೊತ್ತು ಮನೆ ಒಳಗೆ, ಅಂಗಳದಲ್ಲಿ ಓಡಾಡಿ. ಲೇಸನ್ನ ಬೆರಳ ಕಡೆ ಸಡಿಲ ಬಿಟ್ಟು, ಕಣಕಾಲಿನ ಬಾಗಿನಲ್ಲಿ ಒಂದು ಸುತ್ತು ಜಾಸ್ತಿ ಹಾಕಿ ಬಿಗೀರಿ, ಆಮೇಲೆ ಮೇಲಕ್ಕೆ ಹೋಗಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರುತ್ತೆ, ಬೊಬ್ಬೆ ಏಳೋದು ಕಮ್ಮಿ. ಮತ್ತೆ ಒದ್ದೆ ಬೂಟನ್ನ ಒಲೆ ಹತ್ತಿರ ಇಡಲೇಬೇಡಿ, ಚರ್ಮ ಸೆಟೆದು ಬಿರುಕು ಬಿಡುತ್ತೆ. ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡಿ, ಪೇಪರ್ ಒದ್ದೆಯಾದಂಗೆ ಬದಲಾಯಿಸ್ತಾ ಇರಿ.

ಆಂಬೂರಿನ_ಕನ್ನಡಿಗ

ನಾನು ತಮಿಳುನಾಡಿನ ಆಂಬೂರಿನಲ್ಲಿ ಶೂ ಫ್ಯಾಕ್ಟರಿಯೊಂದರ ಲಾಸ್ಟಿಂಗ್ ವಿಭಾಗದಲ್ಲಿ, ಅಂದ್ರೆ ಕಾಲಿನಾಕಾರದ ಅಚ್ಚಿನ ಮೇಲೆ ಚರ್ಮ ಎಳೆದು ಕೂರಿಸೋ ಕಡೆ, ಕೆಲಸ ಮಾಡ್ತೀನಿ. ದಿನಾ ಇದೇ ಕೆಲಸ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಹೊಸ ಜೊತೆ ಯಾಕೆ ಕಚ್ಚುತ್ತೆ ಅಂತ. ನಂಬರ್ ಹೇಳೋದು ಕಾಲಿನ ಪೂರ್ತಿ ಉದ್ದ ಮಾತ್ರ. ನಡೆಯುವಾಗ ಕಾಲು ಬಗ್ಗೋದು ಹೆಬ್ಬೆರಳ ಬುಡದ ಗೆಣ್ಣಿನಲ್ಲಿ. ಹಿಮ್ಮಡಿಯಿಂದ ಆ ಗೆಣ್ಣಿಗೆ ಎಷ್ಟು ದೂರ ಅನ್ನೋದು ಮನುಷ್ಯರಿಂದ ಮನುಷ್ಯರಿಗೆ ಬೇರೆ. ಅಮೆರಿಕದ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಕಾಲು ಅಳೆಯೋ ಲೋಹದ ಹಲಗೆ ಮಾಡಿದರಲ್ಲ, ಅದರಲ್ಲಿ ಉದ್ದ, ಅಗಲದ ಜೊತೆ ಈ ಮೂರನೇ ಅಳತೆಯೂ ಇದೆ. ನಮ್ಮ ಕಡೆ ಅಂಗಡಿಗಳಲ್ಲಿ ಯಾರೂ ಅದನ್ನ ನೋಡಲ್ಲ. ಹೊಸ ಬೂಟು ಬಗ್ಗೋ ಜಾಗ, ನಿಮ್ಮ ಕಾಲು ಬಗ್ಗೋ ಜಾಗ ಒಂದೇ ಆಗಿದ್ದರೆ ಹಾಕ್ತಾ ಹಾಕ್ತಾ ಸರಿಹೋಗುತ್ತೆ. ಮಡಿಕೆ ಗೆಣ್ಣಿಗಿಂತ ಮುಂದೆ ಬೆರಳ ಮೇಲೆ ಬೀಳ್ತಿದ್ರೆ ಎಷ್ಟು ವರ್ಷ ಹಾಕಿದರೂ ಸರಿಹೋಗಲ್ಲ, ವಾಪಸ್ ಕೊಡಿ. ಹಿಮ್ಮಡಿ ಎದ್ದು ಬರೋದಕ್ಕೆ ಅಷ್ಟು ಹೆದರಬೇಕಿಲ್ಲ. ಹೊಸ ಅಟ್ಟೆ ಹಲಗೆ ಥರ ಸೆಟೆದಿರುತ್ತೆ, ಬಗ್ಗೋದು ಕಲಿತ ಮೇಲೆ ಕಮ್ಮಿಯಾಗುತ್ತೆ.

ಈಗ ಹಳೇದು. ಈ ಥರದ ಬೂಟಿನಲ್ಲಿ ಕಾಲಿನ ಗುರುತು ಮೂರು ಕಡೆ ಉಳಿಯುತ್ತೆ. ಮೇಲಿನ ಚರ್ಮದಲ್ಲಿ ಒಂದು. ಎರಡನೇದು ಇನ್‌ಸೋಲ್, ಕಾಲಿನ ಅಡಿಗೇ ಇರೋ ದಪ್ಪ ಚರ್ಮ. ಒಳ್ಳೇ ಬೂಟಿನಲ್ಲಿ ಇದನ್ನ ಕ್ರೋಮ್ ಅನ್ನೋ ರಾಸಾಯನಿಕ ಹಾಕದೆ ತೊಗಟೆ, ಕಾಯಿಯ ಕಷಾಯದಲ್ಲಿ ಹದ ಮಾಡಿರ್ತಾರೆ. ಬೆವರು, ಬಿಸಿ, ಭಾರ ಮೂರೂ ಸೇರಿ ಅದು ಪಾದದ ಆಕಾರಕ್ಕೆ ಒತ್ತಿಕೊಂಡು ಹಾಗೇ ಗಟ್ಟಿಯಾಗುತ್ತೆ. ಮೂರನೇದು ಅದರ ಕೆಳಗೆ ತುಂಬಿರೋ ಕಾರ್ಕ್. ನಿಮ್ಮ ಅಂಚಿನ ಸುತ್ತ ಕಾಣೋ ಚರ್ಮದ ಪಟ್ಟಿಗೆ ವೆಲ್ಟ್ ಅಂತಾರೆ. ಮೇಲಿನ ಚರ್ಮ, ಇನ್‌ಸೋಲ್ ಎರಡನ್ನೂ ಆ ಪಟ್ಟಿಗೆ ಸೇರಿಸಿ ಒಂದು ಹೊಲಿಗೆ, ಪಟ್ಟಿಗೂ ಕೆಳಗಿನ ಅಟ್ಟೆಗೂ ಬೇರೆ ಹೊಲಿಗೆ. ಆದ್ದರಿಂದ ಎರಡನೇ ಹೊಲಿಗೆ ಕೊಯ್ದು ಅಟ್ಟೆ ತೆಗೆದರೂ ಮೇಲಿನದು ಅಲ್ಲಾಡಲ್ಲ.

ಅಂದ್ರೆ ಅಟ್ಟೆ ಬದಲಾಯಿಸಿದರೆ ಹದ ಹೋಗಲ್ಲ, ಇನ್‌ಸೋಲ್ ಮುಟ್ಟದಿದ್ದರೆ. ಇದನ್ನ ಹೊಲಿಯೋರಿಗೆ ಬಾಯಿಬಿಟ್ಟು ಹೇಳಿ: "ಒಳಗಿನ ಚರ್ಮ ಕೀಳಬೇಡಿ, ಮೇಲೆ ಮೆತ್ತೆ ಅಂಟಿಸಬೇಡಿ." ಕಾರ್ಕ್ ಪುಡಿಯಾಗಿದ್ರೆ ಅದನ್ನ ತುಂಬಲಿ, ಮೊದಮೊದಲು ಕಾಲು ಸ್ವಲ್ಪ ಮೇಲೆ ಕೂತಂಗೆ ಅನ್ಸುತ್ತೆ, ಆಮೇಲೆ ಇಳಿಯುತ್ತೆ. ಕಂಪನಿಗೆ ಕಳಿಸಿದರೆ ಬೂಟನ್ನ ಮತ್ತೆ ಮೂಲ ಅಚ್ಚಿಗೆ ಏರಿಸಿ ಕೆಲಸ ಮಾಡೋದುಂಟು. ನೋಟಕ್ಕೆ ಹೊಸದಾಗುತ್ತೆ, ಆದರೆ ಮೇಲಿನ ಚರ್ಮ ಮತ್ತೆ ಬಿಗಿಯಾಗಬಹುದು. ನಿಮಗೆ ಬೇಕಿರೋದು ಹದ, ನೋಟ ಅಲ್ಲ. ಕೈ ಪಳಗಿದ ಹೊಲಿಯೋರು ಸಿಕ್ಕರೆ ಪೇಟೆಯಲ್ಲೇ ಕೊಡಿ. ಕೊಡೋ ಮೊದಲು ಆ ಮೂರು ಮಡಿಕೆಯನ್ನ ಬೆರಳಿಂದ ಬಿಡಿಸಿ ನೋಡಿ. ಒಳಗೆ ಚರ್ಮ ಸೀಳಿದ್ದರೆ ಅಟ್ಟೆಗೆ ದುಡ್ಡು ಹಾಕೋದು ದಂಡ.

ಇಳಿಜಾರಿಗೆ ಹಲ್ಲಿರೋ ರಬ್ಬರ್ ಅಟ್ಟೆನೇ ಹಾಕಿಸಿ. ಅದು ಬಂದಿದ್ದೇ ಬೆಟ್ಟ ಹತ್ತೋರಿಗಾಗಿ. 1935ರಲ್ಲಿ ಆಲ್ಪ್ಸ್‌ನಲ್ಲಿ ಕೆಟ್ಟ ಹವೆಗೆ ಸಿಕ್ಕಿ ಆರು ಜನ ಜೊತೆಗಾರರು ಸತ್ತಮೇಲೆ ಇಟಲಿಯ ವಿಟಾಲೆ ಬ್ರಮಾನಿ ಅನ್ನೋ ಪರ್ವತಾರೋಹಿ ಇದರ ಬೆನ್ನುಬಿದ್ದು, 1937ರ ಹೊತ್ತಿಗೆ ರಬ್ಬರ್ ಹಲ್ಲಿನ ಅಟ್ಟೆ ತಂದರು. ವಿಬ್ರಮ್ ಅನ್ನೋ ಅಟ್ಟೆ ಕಂಪನಿಯ ಹೆಸರು ಅವರ ಹೆಸರಿಂದಲೇ ಬಂದಿದ್ದು. ಪಿಯು, ಅಂದ್ರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಅಟ್ಟೆ ಮಾತ್ರ ಮಲೆನಾಡಿಗೆ ಬೇಡ. ಗಾಳಿಯ ತೇವಕ್ಕೇ ಅದು ಒಳಗೊಳಗೆ ಹಾಳಾಗುತ್ತೆ. ಹಾಕದೆ ಅಟ್ಟದ ಮೇಲಿಟ್ಟ ಬೂಟೂ ಒಂದು ದಿನ ಕೈಯಲ್ಲೇ ಪುಡಿಯಾಗುತ್ತೆ.

ಸಂತೆ_ಸುತ್ತಾಟ

ಅಣ್ಣಾ, ಹಂಗಾದ್ರೆ ಸೆಕೆಂಡ್ ಹ್ಯಾಂಡ್ ಬೂಟು ತಗೊಬಹುದಾ? ಮೆತ್ತಗಾಗಿರುತ್ತೆ, ಕಚ್ಚಲ್ಲ ಅಂತ ಗೆಳೆಯ ಹೇಳ್ತಾನೆ.

ಆಂಬೂರಿನ_ಕನ್ನಡಿಗ

ಮೆತ್ತಗಾಗಿರುತ್ತೆ ನಿಜ ತಮ್ಮಾ, ಆದರೆ ಬೇರೆಯವರ ಕಾಲಿಗೆ. ಕೈ ಒಳಗೆ ಹಾಕಿ ಹೆಬ್ಬೆರಳ ಬುಡದ ಗುಳಿ ಎಲ್ಲಿದೆ ನೋಡು, ಆಮೇಲೆ ನಿನ್ನ ಪಾದ ಪಕ್ಕಕ್ಕಿಟ್ಟು ಹೋಲಿಸು. ಒಂದು ಬೆರಳಷ್ಟು ಆಚೀಚೆ ಇದ್ದರೂ ಬಿಟ್ಟುಬಿಡು. ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ನಿನ್ನ ಕಾಲನ್ನೂ ಅದೇ ಕಡೆ ವಾಲಿಸುತ್ತೆ. ಕಡಿಮೆ ಹಾಕಿದ್ದು ಸಿಕ್ಕರೆ ಮಾತ್ರ ತಗೋ.

ಕಾಫಿಗಿಡ_ಮೂಡಿಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಕೆಲಸ ಆಯ್ತು, ಅದನ್ನ ಬರೆಯೋಣ ಅಂತ ಬಂದೆ.

ಮಡಿಕೆ ಬಿಡಿಸಿ ನೋಡಿದೆ, ಸೀಳಿಲ್ಲ. ಚಿಕ್ಕಮಗಳೂರಿನಲ್ಲಿ ಒಬ್ಬ ಹಿರಿಯರು ಮಾಡಿಕೊಡ್ತೀನಿ ಅಂದರು. ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ನೋಡಿದೆ. ರಂಪಿಗೆ ತಗೊಂಡು ಅಂಚಿನ ಹೊಲಿಗೆಯನ್ನ ಒಂದೊಂದಾಗಿ ಕೊಯ್ದರು, ಮೂತಿಯಿಂದ ಅಟ್ಟೆ ಎತ್ತಿ ಹಿಂದಕ್ಕೆ ಎಳೆದರು. ಒಳಗೆ ಕಾರ್ಕ್ ಕಪ್ಪಗಾಗಿ, ಮುಂದಿನ ಭಾರ ಬೀಳೋ ಜಾಗದಲ್ಲಿ ಕಾಗದದಷ್ಟು ತೆಳ್ಳಗೆ ಒತ್ತಿಹೋಗಿತ್ತು. ಹಿಮ್ಮಡಿ ಮುಂದಿನ ಬಾಗಿನಲ್ಲಿ ಮಾತ್ರ ಇನ್ನೂ ದಪ್ಪ, ಬಣ್ಣವೂ ಹೊಸದರ ಹಾಗೇ. ನಾನು ಹೇಗೆ ನಡೀತೀನಿ ಅನ್ನೋದನ್ನ ಅವರು ಅದನ್ನ ನೋಡೇ ಹೇಳಿದರು: "ಎಡಗಾಲು ಹೊರಗೆ ಹಾಕ್ತೀರಿ ನೀವು." ಒಳಗಿನ ಚರ್ಮ ಮುಟ್ಟಬೇಡಿ ಅಂತ ನಾನು ಹೇಳೋ ಮೊದಲೇ, "ಇದನ್ನ ತೆಗೆದ್ರೆ ನಿಮಗೆ ಬೇರೆ ಬೂಟು ಕೊಟ್ಟಂಗೆ" ಅಂದರು. ಪುಡಿ ಕೆರೆದು, ಹೊಸ ಕಾರ್ಕ್ ಹಾಳೆ ಅಂಟಿಸಿ, ಹಲ್ಲಿನ ರಬ್ಬರ್ ಅಟ್ಟೆ ಇಟ್ಟು, ಮೇಣ ತಿಕ್ಕಿದ ದಾರದಲ್ಲಿ ಹಳೇ ತೂತುಗಳಲ್ಲೇ ಕೈಯಿಂದ ಹೊಲಿದರು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬಂದೆ, ಅಂಥ ಕೈಕೆಲಸಕ್ಕೆ ಅದೂ ಕಮ್ಮಿ.

ನೀವು ಹೇಳಿದಂತೆ ಮೊದಲು ಕಾಲು ಸ್ವಲ್ಪ ಎತ್ತರದಲ್ಲಿ ಕೂತಂಗಾಯ್ತು, ಈಗ ಇಳೀತಾ ಇದೆ. ಹೆಬ್ಬೆರಳ ಗುಳಿ ಇದ್ದಲ್ಲೇ ಇದೆ. ತರಗೆಲೆ ಮೇಲೆ ಜಾರೋದು ನಿಂತಿದೆ. ಹೊಸ ಜೊತೆಯ ಮಡಿಕೆ ಬೆರಳ ಮೇಲೇ ಬೀಳ್ತಿತ್ತು, ವಾಪಸ್ ಕೊಟ್ಟೆ.

ಒಂದು ಮಾತ್ರ ಕೇಳೋದಿದೆ. ಮಳೆಗಾಲದಲ್ಲಿ ಎತ್ತಿಟ್ಟರೆ ಬೂಷ್ಟು ಹಿಡಿಯುತ್ತೆ. ಏನು ಮಾಡ್ತೀರಿ?

ಆಂಬೂರಿನ_ಕನ್ನಡಿಗ

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಅಲ್ಲೇ ಬೂಷ್ಟು ಶುರು. ಎಣ್ಣೆ ಜಾಸ್ತಿ ಬಳಿದು ಇಡೋದೂ ಬೇಡ, ತೆಳ್ಳಗೆ ಒಂದು ಸಲ ಕ್ರೀಮ್ ತಿಕ್ಕಿದರೆ ಸಾಕು. ಪೇಪರ್ ತುಂಬಿ ಗಾಳಿ ಆಡೋ ಕಡೆ ತೂಗುಹಾಕಿ. ಬೂಷ್ಟು ಬಂದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಮಳೆ ಬಿಡುವು ಕೊಟ್ಟ ದಿನ ಹಾಕ್ಕೊಂಡು ಒಂದು ಸುತ್ತು ಓಡಾಡಿ ಬಂದರಂತೂ ಇನ್ನೂ ಒಳ್ಳೇದು.