ಗಂಧಪುರ ತೈಲವೂ ವಿಂಟರ್‌ಗ್ರೀನ್ ಎಣ್ಣೆಯೂ ಒಂದೆಯೇ?

ಪ್ರಶ್ನೆ (ಹುಬ್ಬಳ್ಳಿ): ಅವ್ವನ ಮೊಣಕಾಲು ನೋವಿಗೆಂದು ದುರ್ಗದಬೈಲಿನಲ್ಲಿ ಕೊಂಡ ಶೀಶೆಯ ಮೇಲೆ ‘ಗಂಧಪುರ ತೈಲ’ ಎಂದಿದೆ, ಮನೆಯಲ್ಲಿದ್ದ ಹಳೆಯದರ ಮೇಲೆ ‘ವಿಂಟರ್‌ಗ್ರೀನ್’ ಎಂದಿದೆ, ಮುಚ್ಚಳ ತೆರೆದರೆ ಎರಡರದೂ ಅದೇ ಮೂಗಿಗೇರುವ ವಾಸನೆ. ಇವು ಒಂದೇ ಗಿಡದ ಹೆಸರುಗಳೇ?

ಉತ್ತರ (ಧಾರವಾಡ): ಕುಲ ಒಂದೇ, ಗಿಡ ಬೇರೆ. ಅಮೆರಿಕದ ವಿಂಟರ್‌ಗ್ರೀನ್ ಎಂದರೆ ನೆಲಕ್ಕಂಟಿ ಹಬ್ಬುವ, ಚಳಿಗಾಲದಲ್ಲೂ ಹಸಿರಾಗಿಯೇ ಉಳಿಯುವ ಗಾಲ್ಥೇರಿಯಾ ಪ್ರೊಕಂಬೆನ್ಸ್. ಅಲ್ಲಿನವರು ಅದನ್ನು ಟೀಬೆರಿ, ಚೆಕರ್‌ಬೆರಿ ಎಂದೂ ಕರೆಯುತ್ತಾರೆ. ನಮ್ಮ ಗಂಧಪುರವು ನೀಲಗಿರಿ, ಹಿಮಾಲಯಗಳಲ್ಲಿ ಬೆಳೆಯುವ ಗಾಲ್ಥೇರಿಯಾ ಫ್ರಾಗ್ರಾಂಟಿಸಿಮಾ ಎಂಬ ಪೊದೆ. ಎರಡರ ಎಣ್ಣೆಯಲ್ಲೂ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್ ಎಂಬ ಒಂದೇ ರಾಸಾಯನಿಕ ಇರುವುದರಿಂದ ಮೂಗಿಗೆ ಭೇದ ತಿಳಿಯುವುದಿಲ್ಲ.

ಉತ್ತರ (ಗದಗ): ಪೈರೋಲಾ ಎಂಬ ಬೇರೊಂದು ಸಸ್ಯಕ್ಕೂ ಇಂಗ್ಲೆಂಡಿನಲ್ಲಿ ವಿಂಟರ್‌ಗ್ರೀನ್ ಎಂದೇ ಹೆಸರಿದೆ. ಹೆಸರೇನೇ ಇರಲಿ, ಶೀಶೆಯನ್ನು ಮಕ್ಕಳ ಕೈಗೆಟುಕದಂತೆ ಇಡಿ. ಹೊಟ್ಟೆಗೆ ಹೋದರೆ 5 ಮಿ.ಲೀ. ಎಣ್ಣೆ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ, ಮಗುವಿಗೆ ಅದು ಅಪಾಯಕಾರಿ.