ಲಾಂಗ್ ಟ್ಯೂಬ್ ಹೆಡರ್ ಹಾಕಿದ ಮೇಲೆ ಚೆಕ್ ಇಂಜಿನ್ ಲೈಟ್, ಪಿಕಪ್ ಇಲ್ಲ. ಯಾರಾದರೂ ನೋಡಿ

ಡೆಟ್ರಾಯ್ಟ್ ಗೌಡ
ತಲೆ ಕೆಟ್ಟು ಹೋಗಿದೆ. ನನ್ನ ಕ್ಯಾಮರೋ ಕಾರಿಗೆ ಲಾಂಗ್ ಟ್ಯೂಬ್ ಹೆಡರ್ (ಇಂಜಿನ್‌ನಿಂದ ಹೊಗೆ ಒಯ್ಯುವ ಉದ್ದ ಪೈಪುಗಳು) ಹಾಕಿದೆ. ಜಾಕ್ ಸ್ಟ್ಯಾಂಡ್ ಮೇಲೆ ಗಾಡಿ ಎತ್ತಿ, ನೆಲದ ಮೇಲೆ ಮಲಗಿ ಒಬ್ಬನೇ ಮಾಡಿದ ಕೆಲಸ. ಈಗ ಚೆಕ್ ಇಂಜಿನ್ ಲೈಟ್ ಹತ್ತಿ ಕೂತಿದೆ. ಐಡ್ಲಿಂಗ್‌ನಲ್ಲಿ ಇಡೀ ಗಾಡಿ ನಡುಗುತ್ತದೆ. ಪಿಕಪ್ ಸತ್ತೇ ಹೋಗಿದೆ. ಹಿಂದೆ ನಿಂತರೆ ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತದೆ. ಇಂಜಿನ್ ತಣ್ಣಗಿದ್ದಾಗ ಎಡಗಡೆಯಿಂದ ಟಿಕ್ ಟಿಕ್ ಸದ್ದು ಬೇರೆ. ಕಂಪನಿಯ ಹಳೇ ಹೊಗೆ ಮ್ಯಾನಿಫೋಲ್ಡ್ ಇದ್ದಾಗ ಒಂದು ತೊಂದರೆಯೂ ಇರಲಿಲ್ಲ. ಆಗಸ್ಟ್‌ನಲ್ಲಿ ಇಲ್ಲಿನ ಕಾರು ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಇದೇ ಗಾಡಿ ತಗೊಂಡು ಹೋಗಬೇಕು. ಏನು ಮಾಡಲಿ?

ಟೆಕ್ಸಾಸ್ ಕಾರ್ವೆಟ್
ಯಾವ ವರ್ಷದ ಕ್ಯಾಮರೋ? ವಿ6 ಇರಬಹುದು, ವಿ8 ಇರಬಹುದು. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಏನು ಬಂದಿದೆ? ಹೆಡರ್‌ಗೆ ತಕ್ಕಂತೆ ಇಂಜಿನ್ ಕಂಪ್ಯೂಟರ್ ಟ್ಯೂನ್ ಮಾಡಿಸಿದ್ದೀರಾ? ಇದೇನೂ ಹೇಳದೆ ಏನು ಮಾಡಲಿ ಅಂದರೆ ನಾವೇನು ಹೇಳೋದು?

ಕುಡ್ಲ ಮೆಕ್ಯಾನಿಕ್
ಟಿಕ್ ಟಿಕ್ ಅಂದ ಮೇಲೆ ಮುಗಿಯಿತು ಮಾರಾಯ್ರೇ, ಗ್ಯಾಸ್ಕೆಟ್ ಲೀಕ್. ಹೊಗೆ ಪೈಪಿನಲ್ಲಿ ಒಂದೇ ಸಮ ಹೋಗುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಎರಡು ಬಡಿತಗಳ ನಡುವೆ ಪೈಪಿನ ಒಳಗೆ ಒತ್ತಡ ಬೀಳುತ್ತದೆ. ಸಂದಿ ಇದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಆ ಗಾಳಿ ನೋಡಿ ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಳ್ಳುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಅದೇ ನಿಮ್ಮ ವಾಸನೆ. ಬೋಲ್ಟ್ ಎಲ್ಲ ಮತ್ತೊಮ್ಮೆ ಟೈಟ್ ಮಾಡಿ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು.

ಡೆಟ್ರಾಯ್ಟ್ ಗೌಡ
2002ರ ಎಸ್‌ಎಸ್. ಎಲ್‌ಎಸ್1 ವಿ8 ಇಂಜಿನ್, ಆರು ಗೇರ್. ಕೋಡ್ ಪಿ0171 ಮತ್ತು ಪಿ0175. ಟ್ಯೂನ್ ಇನ್ನೂ ಆಗಿಲ್ಲ. ಟ್ಯೂನ್ ಮಾಡುವವರು ಮೊದಲು ಈ ತೊಂದರೆ ಸರಿ ಮಾಡಿಕೊಂಡು ಬಾ ಅಂದರು. ಬೋಲ್ಟ್ ಮೊದಲು 11 ಅಡಿ-ಪೌಂಡ್, ಆಮೇಲೆ 18, ಟಾರ್ಕ್ ರೆಂಚ್ ಇಟ್ಟೇ ಮಾಡಿದ್ದು. ಗ್ಯಾಸ್ಕೆಟ್ ಹೆಡರ್ ಬಾಕ್ಸಿನಲ್ಲಿ ಬಂದದ್ದು. ಎಡಗಡೆ ಕೊನೆಯ ಬೋಲ್ಟ್ ಬಿಚ್ಚುವಾಗ ಸಿಲಿಂಡರ್ ಹೆಡ್ ಒಳಗೇ ಮುರಿದಿತ್ತು. ನಟ್ ವೆಲ್ಡ್ ಮಾಡಿಸಿ ತೆಗೆದೆ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಎಲ್ಲ ಬೋಲ್ಟ್‌ಗೂ ತುಕ್ಕು.

ಕುಡ್ಲ ಮೆಕ್ಯಾನಿಕ್
ನೋಡಿ, ಅಲ್ಲೇ ಉಂಟು ಕಾಯಿಲೆ. ಮುರಿದ ಬೋಲ್ಟ್ ಇದ್ದ ಜಾಗದಲ್ಲಿ ಫ್ಲೇಂಜ್ (ಇಂಜಿನ್‌ಗೆ ಬೋಲ್ಟ್ ಆಗುವ ಹೆಡರ್‌ನ ಚಪ್ಪಟೆ ಪಟ್ಟಿ) ಸರಿಯಾಗಿ ಕೂತಿರುವುದಿಲ್ಲ. ಬಾಕ್ಸಿನ ತೆಳು ಗ್ಯಾಸ್ಕೆಟ್ ಎಸೆದು, ಕಂಪನಿಯ ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿ. ಎರಡು ಮೂರು ಸಲ ಇಂಜಿನ್ ಬಿಸಿ ಮಾಡಿ, ಆರಿಸಿ, ಮತ್ತೆ ಟೈಟ್ ಮಾಡಿ.

ಮಸ್ಟಾಂಗ್ ಶಿವಮೊಗ್ಗ
ಒಂದು ನಿಮಿಷ. ಬ್ಯಾಂಕ್ ಅಂದರೆ ಇಂಜಿನ್‌ನ ಒಂದು ಕಡೆಯ ಸಿಲಿಂಡರ್‌ಗಳ ಸಾಲು. ಪಿ0171 ಅಂದರೆ ಬ್ಯಾಂಕ್ 1ರಲ್ಲಿ ಪೆಟ್ರೋಲ್ ಕಡಿಮೆ, ಪಿ0175 ಅಂದರೆ ಬ್ಯಾಂಕ್ 2ರಲ್ಲಿ ಜಾಸ್ತಿ. ಬ್ಯಾಂಕ್ 1 ಅಂದರೆ ಪ್ಯಾಸೆಂಜರ್ ಕಡೆ. ಟಿಕ್ ಬರುತ್ತಿರುವುದು ಎಡಗಡೆ, ಡ್ರೈವರ್ ಕಡೆ. ಎರಡೂ ತಾಳೆ ಆಗುವುದಿಲ್ಲ. ನೀವು ತಪ್ಪು ಜಾಗ ಹುಡುಕುತ್ತಿದ್ದೀರಿ.

ಟೆಕ್ಸಾಸ್ ಕಾರ್ವೆಟ್
ಅದು ನಿಮ್ಮ ಫೋರ್ಡ್‌ನಲ್ಲಿ ಸಾರ್. ಒಂದನೇ ಸಿಲಿಂಡರ್ ಯಾವ ಕಡೆ ಇದೆಯೋ ಅದು ಬ್ಯಾಂಕ್ 1. ಎಲ್‌ಎಸ್ ಇಂಜಿನ್‌ನಲ್ಲಿ 1, 3, 5, 7 ಡ್ರೈವರ್ ಕಡೆ. 2, 4, 6, 8 ಪ್ಯಾಸೆಂಜರ್ ಕಡೆ.

ಜೆಸಿ ರೋಡ್
ಡ್ರೈವರ್ ಕಡೆ ಅಂದರೆ ಬಲಗಡೆ ಅಲ್ವಾ?

ಮಸ್ಟಾಂಗ್ ಶಿವಮೊಗ್ಗ
ಅಮೆರಿಕದ ಗಾಡಿ ಗುರು, ಸ್ಟೀರಿಂಗ್ ಎಡಕ್ಕಿದೆ. ಆದರೂ ಕಾರ್ವೆಟ್ ಅವರೇ, ಕೈಪಿಡಿ ತೆರೆದು ನೋಡಿ. ನನ್ನ 5.0 ಲೀಟರ್ ಮಸ್ಟಾಂಗ್‌ನಲ್ಲಿ ನಾನೇ ಕೈಯಾರೆ ಸೆನ್ಸರ್ ಬದಲಾಯಿಸಿದ್ದೇನೆ, ಬ್ಯಾಂಕ್ 1 ಪ್ಯಾಸೆಂಜರ್ ಕಡೆಯೇ.

ಟೆಕ್ಸಾಸ್ ಕಾರ್ವೆಟ್
ನಿಮ್ಮ 5.0ನಲ್ಲಿ ಹೌದು. ಇಲ್ಲಿ ಮಾತಾಡುತ್ತಿರುವುದು ಜಿಎಂ ಇಂಜಿನ್ ಬಗ್ಗೆ. ಎರಡು ಕಂಪನಿ ಎರಡು ಕಡೆಯಿಂದ ಎಣಿಸುತ್ತವೆ, ಅಷ್ಟೇ.

ಅಂದ ಹಾಗೆ ಗೌಡರೇ, ಈ ಕೆಲಸ ನಮ್ಮ ಸಿ5 ಕಾರ್ವೆಟ್‌ನಲ್ಲಿ ಎಷ್ಟೋ ಸುಲಭ. ಗೇರ್‌ಬಾಕ್ಸ್ ಹಿಂದಿನ ಚಕ್ರದ ಹತ್ತಿರ ಇರುವುದರಿಂದ ಇಂಜಿನ್ ಹಿಂದೆ ಕೈ ಆಡಿಸಲು ಜಾಗ ಸಿಗುತ್ತದೆ. ನಿಮ್ಮ ಕ್ಯಾಮರೋದಲ್ಲಿ ಅರ್ಧ ಇಂಜಿನ್ ಗಾಜಿನ ಕೆಳಗೆ ಅಡಗಿದೆ. ನನ್ನದು 2004ರ ಜಡ್06, ಎಲ್‌ಎಸ್6, ಕಂಪನಿಯಿಂದಲೇ 405 ಕುದುರೆ. ಅದಕ್ಕೆ ಒಂದೂ ಮುಕ್ಕಾಲು ಇಂಚಲ್ಲ, 1 7/8 ಇಂಚಿನ ಪೈಪ್ ಹಾಕಿದ್ದೇನೆ. ಕ್ಯಾಮ್ ಕೂಡ ಬದಲಾಗಿದೆ. ಮೂರನೇ ಗೇರ್‌ನಲ್ಲೂ ಟೈರ್ ತಿರುಗುತ್ತದೆ.

ಜೆಸಿ ರೋಡ್
ನನ್ನ ಹಳೇ ಬಲೇನೋಗೆ 4-2-1 ಹೆಡರ್ ಇಲ್ಲೇ ಬೆಂಗಳೂರಿನಲ್ಲಿ ಬೆಂಡ್ ಮಾಡಿಸಿ ಹಾಕಿಸಿದ್ದೇನೆ. ವೆಲ್ಡಿಂಗ್ ಕೈಕೆಲಸ ನೋಡಬೇಕು ನೀವು. ಸೈಲೆನ್ಸರ್ ಮಾತ್ರ ಕಂಪನಿಯದ್ದೇ ಬಿಟ್ಟಿದ್ದೇನೆ. ಸದ್ದು ಜಾಸ್ತಿ ಆದರೆ ಪೊಲೀಸರು ಬಿಚ್ಚಿಸಿ ರೋಡ್ ರೋಲರ್ ಹತ್ತಿಸುತ್ತಾರೆ.

ಮಸ್ಟಾಂಗ್ ಶಿವಮೊಗ್ಗ
ಗೌಡರೇ, ಎರಡೂ ಕಡೆಯ ಹೊಗೆ ಸೇರುವ ವೈ ಪೈಪ್‌ನಲ್ಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇದೆಯಾ? ಸುಮ್ನೆ ಇಡುವುದಕ್ಕಿಂತ ತೆಗೆದುಬಿಡಿ. ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆಯೇ ಇಲ್ಲವಲ್ಲ.

ಮೂಡಲಪಾಯ
ದಯವಿಟ್ಟು ಅಂಥ ಸಲಹೆ ಕೊಡಬೇಡಿ. ರಾಜ್ಯದಲ್ಲಿ ಪರೀಕ್ಷೆ ಇಲ್ಲದಿದ್ದರೂ ಫೆಡರಲ್ ಕಾನೂನು ಇದೆ, ರಸ್ತೆಯ ಗಾಡಿಯಿಂದ ಕ್ಯಾಟ್ ತೆಗೆಯುವ ಹಾಗಿಲ್ಲ. ಈಗಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಗೌಡರೇ, ಮೂರು ಪ್ರಶ್ನೆ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಮೊದಲ ಒಂದು ನಿಮಿಷ ಹೇಗೆ ಓಡುತ್ತದೆ? ಸ್ಕ್ಯಾನರ್‌ನಲ್ಲಿ ಎರಡೂ ಬ್ಯಾಂಕಿನ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಅನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಎಷ್ಟು ತೋರಿಸುತ್ತದೆ, ಐಡ್ಲಿಂಗ್‌ನಲ್ಲಿ ಮತ್ತು 2500 ಆರ್‌ಪಿಎಂನಲ್ಲಿ? ಎರಡೂ ಕಡೆಯಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಣ್ಣ ಹೇಳಿ.

ಕುಡ್ಲ ಮೆಕ್ಯಾನಿಕ್
ಪ್ಲಗ್ ಯಾಕೆ ಬಿಚ್ಚಬೇಕು? ಸೈಲೆನ್ಸರ್ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಉಲ್ಟಾ ಹಚ್ಚಿ ಗಾಳಿ ಊದಿ. ಹೆಡರ್ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಬಂದಲ್ಲಿ ಲೀಕ್.

ಡೆಟ್ರಾಯ್ಟ್ ಗೌಡ
ಎರಡೂ ಮಾಡಿದೆ. ಏಳನೇ ಸಿಲಿಂಡರ್ ಹತ್ತಿರ ಸಣ್ಣ ಗುಳ್ಳೆ ಬಂತು.

ತಣ್ಣಗೆ ಸ್ಟಾರ್ಟ್ ಮಾಡಿದರೆ ಮೊದಲು ಚೆನ್ನಾಗಿಯೇ ಓಡುತ್ತದೆ. ಅದನ್ನು ಹೇಳಬೇಕು ಅಂತ ಅನ್ನಿಸಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಡುಕ ಶುರು. ಟ್ರಿಮ್ ಬ್ಯಾಂಕ್ 1 ಪ್ಲಸ್ 25, ಬ್ಯಾಂಕ್ 2 ಮೈನಸ್ 25ರ ಹತ್ತಿರ. 2500ಕ್ಕೆ ರೇಸ್ ಮಾಡಿದರೂ ಹಾಗೇ ನಿಂತಿದೆ. ಎಡಗಡೆಯ ಪ್ಲಗ್ ಮಸಿ ಹಿಡಿದು ಕಪ್ಪಗಿದೆ. ಬಲಗಡೆಯದ್ದು ಬೆಳ್ಳಗಿದೆ.

ಕುಡ್ಲ ಮೆಕ್ಯಾನಿಕ್
ಏಳನೇ ಸಿಲಿಂಡರ್ ಅಂದರೆ ಎಡಗಡೆಯೇ. ನಾನು ಮೊದಲ ದಿನವೇ ಹೇಳಿದ್ದೆ. ಎಡಗಡೆ ಲೀಕ್, ಅದಕ್ಕೆ ಪ್ಲಸ್ 25, ಅದಕ್ಕೆ ಪ್ಲಗ್ ಕಪ್ಪು.

ಮೂಡಲಪಾಯ
ಕುಡ್ಲದವರೇ, ಲೀಕ್ ಇರುವುದು ನಿಜ. ಅದನ್ನು ಸರಿ ಮಾಡಲೇಬೇಕು. ಆದರೆ ಎಡಗಡೆಯ ಲೀಕ್ ಬಲಗಡೆಯ ಸೆನ್ಸರ್‌ಗೆ ಮೈನಸ್ 25 ಹೇಗೆ ತರುತ್ತದೆ? ಲೀಕ್‌ನಿಂದ ಬರುವ ತಪ್ಪು ಲೆಕ್ಕ ಐಡ್ಲಿಂಗ್‌ನಲ್ಲಿ ಜಾಸ್ತಿ ಇರುತ್ತದೆ, ರೇಸ್ ಮಾಡಿದಂತೆ ಇಳಿಯುತ್ತದೆ. ಇಲ್ಲಿ ಇಳಿದಿಲ್ಲ.

ಬಲಗಡೆ ನೋಡಿ. ಪೆಟ್ರೋಲ್ ಜಾಸ್ತಿಯಾಗಿದೆ ಅಂತ ಕಂಪ್ಯೂಟರ್ ಕಡಿಮೆ ಮಾಡುತ್ತಲೇ ಇದೆ. ನಿಜವಾಗಿಯೂ ಜಾಸ್ತಿಯಾಗಿದ್ದರೆ ಪ್ಲಗ್ ಕಪ್ಪಾಗಬೇಕಿತ್ತು. ಅದು ಬೆಳ್ಳಗಿದೆ. ಅಂದರೆ ಕಂಪ್ಯೂಟರ್ ನೋಡುತ್ತಿರುವುದು ಆ ಕಡೆಯ ಹೊಗೆಯನ್ನೇ ಅಲ್ಲ.

ನನ್ನ ಊಹೆ: ಮುಂದಿನ ಎರಡು ಆಕ್ಸಿಜನ್ ಸೆನ್ಸರ್‌ಗಳ ವೈರ್ ಎಡ ಬಲ ಅದಲು ಬದಲಾಗಿದೆ. ಲಾಂಗ್ ಟ್ಯೂಬ್ ಹಾಕಿದರೆ ಸೆನ್ಸರ್ ಮೊದಲಿದ್ದ ಜಾಗದಿಂದ ತುಂಬಾ ಹಿಂದಕ್ಕೆ, ಪೈಪುಗಳೆಲ್ಲ ಒಂದಾಗುವ ಕಲೆಕ್ಟರ್‌ಗೆ ಹೋಗುತ್ತದೆ. ವೈರ್‌ಗೆ ಎಕ್ಸ್‌ಟೆನ್ಷನ್ ಹಾಕಬೇಕಾಗುತ್ತದೆ. ಎರಡೂ ಗೇರ್‌ಬಾಕ್ಸ್ ಹತ್ತಿರವೇ ಬರುತ್ತವೆ. ಕೆಳಗೆ ಮಲಗಿ ನೋಡಿದರೆ ಯಾವುದು ಯಾವುದಕ್ಕೆ ಅಂತ ಗೊತ್ತಾಗುವುದು ಕಷ್ಟ.

ಹಾಗಾದಾಗ ಒಂದು ಕಡೆಯ ಸೆನ್ಸರ್ ಇನ್ನೊಂದು ಕಡೆಯ ಇಂಜೆಕ್ಟರ್‌ಗಳನ್ನು ಆಳುತ್ತದೆ. ಬಲಗಡೆ ಚೂರು ಪೆಟ್ರೋಲ್ ಕಡಿಮೆಯಾದರೆ ಕಂಪ್ಯೂಟರ್ ಎಡಗಡೆಗೆ ಸುರಿಯುತ್ತದೆ. ಎಡಗಡೆ ಜಾಸ್ತಿಯಾಗಿದ್ದು ಕಂಡು ಬಲಗಡೆಗೆ ಕತ್ತರಿಸುತ್ತದೆ. ಬಲಗಡೆ ಇನ್ನೂ ಕಡಿಮೆ. ಹೀಗೆ ಎರಡೂ ಮಿತಿ ಮುಟ್ಟುವವರೆಗೆ ಓಡುತ್ತವೆ. ತಣ್ಣಗಿದ್ದಾಗ ಚೆನ್ನಾಗಿರುವುದೂ ಇದಕ್ಕೇ, ಸೆನ್ಸರ್ ಬಿಸಿಯಾಗುವ ತನಕ ಕಂಪ್ಯೂಟರ್ ಅದರ ಮಾತು ಕೇಳುವುದಿಲ್ಲ.

ಪರೀಕ್ಷೆ ಮಾಡಲು ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಡಿ. ಒಂದನೇ ಸಿಲಿಂಡರ್‌ನ ಇಂಜೆಕ್ಟರ್ ವೈರ್ ಕಿತ್ತು ಸ್ವಲ್ಪ ಹೊತ್ತು ನೋಡಿ. ಆ ಸಿಲಿಂಡರ್ ಬರೀ ಗಾಳಿ ಉಗುಳುತ್ತದೆ. ಎಡಗಡೆಯ ಸೆನ್ಸರ್ 0.1 ವೋಲ್ಟ್ ಹತ್ತಿರ ಇಳಿಯಬೇಕು. ಸ್ಕ್ಯಾನರ್‌ನಲ್ಲಿ ಬ್ಯಾಂಕ್ 2 ಇಳಿದರೆ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿದರೆ ಕ್ಯಾಟ್ ಕರಗಿಹೋಗುತ್ತದೆ.

ಮಸ್ಟಾಂಗ್ ಶಿವಮೊಗ್ಗ
ಸಿಲಿಕಾನ್ ಗಮ್‌ನಿಂದ ಸೆನ್ಸರ್ ಕೆಟ್ಟಿರಲೂಬಹುದು. ಕಲೆಕ್ಟರ್‌ಗೆ ಯಾವ ಗಮ್ ಹಚ್ಚಿದಿರಿ?

ಡೆಟ್ರಾಯ್ಟ್ ಗೌಡ
ಗಮ್ ಹಚ್ಚಿಲ್ಲ.

ಒಂದನೇ ಇಂಜೆಕ್ಟರ್ ಕಿತ್ತೆ. ಬ್ಯಾಂಕ್ 1 ಕದಲಲಿಲ್ಲ. ಬ್ಯಾಂಕ್ 2 ನೇರ ಕೆಳಕ್ಕೆ ಬಿತ್ತು! ಕೆಳಗೆ ಹೋಗಿ ಎರಡೂ ವೈರ್‌ಗಳ ಜಾಡು ಮೇಲಿನಿಂದ ಕೈಯಲ್ಲಿ ಹಿಡಿದುಕೊಂಡು ಬಂದೆ. ಗೇರ್‌ಬಾಕ್ಸ್ ಮೇಲೆ ಒಂದನ್ನೊಂದು ದಾಟಿ ಹೋಗಿದ್ದವು. ಬದಲಾಯಿಸಿ, ಕೋಡ್ ಅಳಿಸಿ, ಟ್ರಿಮ್ ರೀಸೆಟ್ ಮಾಡಿದೆ. ಈಗ ಬ್ಯಾಂಕ್ 1 ಪ್ಲಸ್ 7, ಬ್ಯಾಂಕ್ 2 ಪ್ಲಸ್ 2. ನಡುಕ ಹೋಯಿತು. ವಾಸನೆ ಹೋಯಿತು. ಮೂಡಲಪಾಯ ಅಣ್ಣ, ನಿಮ್ಮ ಋಣ ನನ್ನ ಮೇಲಿದೆ.

ಟಿಕ್ ಸದ್ದು ಇನ್ನೂ ಇದೆ, ಇಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೆ.

ಕುಡ್ಲ ಮೆಕ್ಯಾನಿಕ್
ಆ ಪ್ಲಸ್ 7 ನನ್ನ ಲೀಕ್‌ನದ್ದು. ಬಿಸಿಗೆ ಫ್ಲೇಂಜ್ ಹಿಗ್ಗಿ ಸಂದಿ ಮುಚ್ಚುತ್ತದೆ, ಅದಕ್ಕೇ ಸದ್ದು ನಿಲ್ಲುವುದು. ಗ್ಯಾಸ್ಕೆಟ್ ಬದಲಾಯಿಸುವ ಮೊದಲು ಫ್ಲೇಂಜ್ ಮೇಲೆ ನೇರವಾದ ಸ್ಕೇಲ್ ಇಟ್ಟು ನೋಡಿ, ಬಾಗಿದ್ದರೆ ಸಾಣೆ ಹಿಡಿಸಬೇಕು.

ಡೆಟ್ರಾಯ್ಟ್ ಗೌಡ
ಸರಿ ಸಾರ್, ಸ್ಟೀಲ್ ಗ್ಯಾಸ್ಕೆಟ್ ಆರ್ಡರ್ ಮಾಡಿದೆ. ಇನ್ನೊಂದು ವಿಷಯ. ಎಂಟನೇ ಸಿಲಿಂಡರ್‌ನ ಪ್ಲಗ್ ವೈರ್ ಪೈಪಿಗೆ ತಾಗುವಷ್ಟು ಹತ್ತಿರ ಇದೆ. ಹಾಗೇ ಬಿಡಬಹುದಾ?

ಟೆಕ್ಸಾಸ್ ಕಾರ್ವೆಟ್
ಬಿಡಬೇಡಿ. ರಬ್ಬರ್ ಸುಟ್ಟು ಮಿಸ್‌ಫೈರ್ ಶುರುವಾಗುತ್ತದೆ, ಪಿ0300 ಬರುತ್ತದೆ. ಪ್ರತಿ ಪ್ಲಗ್ ಬೂಟ್‌ಗೂ ಶಾಖ ತಡೆಯುವ ತೋಳು ಹಾಕಿ. ಸೆನ್ಸರ್ ವೈರ್‌ಗಳನ್ನೂ ಪೈಪಿನಿಂದ ದೂರ ಕಟ್ಟಿ, ಪ್ಲಾಸ್ಟಿಕ್ ಟೈ ಬೇಡ, ಲೋಹದ್ದು ಹಾಕಿ. ಟ್ಯೂನ್ ಆದ ಮೇಲೆ ಡೈನೋ ಹಾಳೆ (ಇಂಜಿನ್ ಶಕ್ತಿ ಅಳೆದ ವರದಿ) ಇಲ್ಲಿ ಹಾಕಿ, ನೋಡೋಣ.

ಜೆಸಿ ರೋಡ್
ವುಡ್‌ವರ್ಡ್ ವಿಡಿಯೋನೂ ಹಾಕಿ ಗೌಡ್ರೇ. ಸದ್ದು ಕೇಳಬೇಕು.