ಶಾಲೆ ಊಟಕ್ಕೆ ನಮ್ಮ ಕಡೆಯದೇ ಮೀನು: ಟೆಂಡರ್‌ನಲ್ಲಿ ಬರೆಸಬಹುದಾ?

ಪ್ರಶ್ನೆ: ಅಮೆರಿಕದಲ್ಲಿ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಊಟದ ಸಮಿತಿಯಲ್ಲಿದ್ದೀನಿ. ಇಲ್ಲಿನ ದೋಣಿಯವರು ಹಿಡಿದ ಮೀನನ್ನೇ ಕೊಳ್ಳಿ ಅಂದ್ರೆ, "ಫೆಡರಲ್ ದುಡ್ಡು, ಊರು ನೋಡಿ ಕೊಳ್ಳೋ ಹಾಗಿಲ್ಲ" ಅಂತಾರೆ. ಯಾರಾದ್ರೂ ಮಾಡಿಸಿದ್ದೀರಾ?

ಉತ್ತರ: ಅವರು ಹೇಳ್ತಿರೋದು ಹಳೇ ಮಾತು. ಫೆಡರಲ್ ಅನುದಾನದ ಬೇರೆ ಖರೀದಿಗೆ 2024ರವರೆಗೆ ಸಾಮಾನ್ಯವಾಗಿ ಆ ನಿರ್ಬಂಧ ಇತ್ತು ನಿಜ. ಶಾಲಾ ಊಟಕ್ಕೆ ಮಾತ್ರ 2008ರ ಫಾರ್ಮ್ ಬಿಲ್‌ನಲ್ಲೇ (ಅಲ್ಲಿನ ಕೃಷಿ ಕಾಯ್ದೆ) ವಿನಾಯಿತಿ ಸಿಕ್ಕಿದೆ. ಮೊದಲು ಟೆಂಡರ್‌ಗಳನ್ನು ಹೋಲಿಸುವಾಗ ಸ್ಥಳೀಯರಿಗೆ ಒಂದಿಷ್ಟು ಅಂಕ ಜಾಸ್ತಿ ಕೊಡಬಹುದಿತ್ತು, ಅಷ್ಟೇ. 2024ರ ಜುಲೈ 1ರಿಂದ "ಸ್ಥಳೀಯವಾಗಿ ಹಿಡಿದ ಮೀನು" ಅಂತ ಷರತ್ತನ್ನೇ ಹಾಕಬಹುದು. ಎಷ್ಟು ದೂರದವರೆಗೆ ಸ್ಥಳೀಯ ಅನ್ನೋದು ಕೊಳ್ಳುವವರ ತೀರ್ಮಾನ. ಹಾಗಂತ ಒಬ್ಬನೇ ಸಪ್ಲೈಯರ್ ಉಳಿಯೋಷ್ಟು ಬಿಗಿ ಮಾಡಿಸಬೇಡಿ, ಪೈಪೋಟಿ ಇರಲೇಬೇಕು.

ಉತ್ತರ: ನಾನು ಶಾಲಾ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಕಾನೂನಿಗಿಂತ ಮುಳ್ಳಿನದೇ ದೊಡ್ಡ ತಲೆನೋವು! ನಮ್ಮಲ್ಲಿದ್ದದ್ದು ಓವನ್ ಮಾತ್ರ, ಇಡೀ ಮೀನು ತಂದು ಸುರಿದರೆ ಹೆಚ್ಚೋರು ಯಾರು? ಈ ವಿನಾಯಿತಿ ಹೆಚ್ಚು ಸಂಸ್ಕರಿಸದ ಪದಾರ್ಥಕ್ಕೆ ಮಾತ್ರ. ಕ್ಲೀನ್ ಮಾಡಿ, ಕತ್ತರಿಸಿ, ಫ್ರೀಜ್ ಮಾಡಿದ್ದು ನಡೆಯುತ್ತೆ. ಬೇರೇನೂ ಬೆರೆಸದೆ ರುಬ್ಬಿ ಮಾಡಿದ ಪ್ಯಾಟಿ ಕೂಡ ಸರಿ. ಬ್ರೆಡ್ ಪುಡಿ ಹಚ್ಚಿದ ಫಿಶ್ ಸ್ಟಿಕ್ ಬರಲ್ಲ, ಮಕ್ಕಳಿಗೆ ಬೇಕಾಗಿರೋದು ಅದೇ ಆದರೂ. ಇನ್ನೊಂದು, ಟೆಂಡರ್‌ನಲ್ಲಿ "ಕಾಡ್" (cod) ಅಂತ ಒಂದೇ ಜಾತಿಯ ಮೀನು ಬರೆದುಬಿಟ್ಟರೆ ಸಣ್ಣ ದೋಣಿಯವರು ಅಲ್ಲೇ ಔಟ್. ನಾವು ಬರೆಸಿದ್ದು ಹೀಗೆ: "ಬಿಳಿ ಮಾಂಸದ ಮೀನು, ಆಯಾ ಸೀಸನ್‌ನ ಯಾವುದೇ ಜಾತಿ, ಮುಳ್ಳಿಲ್ಲದ ಒಂದೇ ಅಳತೆಯ ತುಂಡು, ಫ್ರೋಜನ್ ಆದರೂ ಸರಿ." ಕಡಲು ಕೆಟ್ಟ ವಾರದಲ್ಲೂ ಮೆನು ತಪ್ಪದಿರೋಕೆ ಆ ಕೊನೇ ಮಾತು ಬೇಕೇ ಬೇಕು.

ಉತ್ತರ: ಮಾರೋ ಕಡೆಯಿಂದ ಹೇಳ್ತೀನಿ. ದೋಣಿಯಿಂದ ನೇರ ಅಡುಗೆಮನೆಗೆ ಅನ್ನೋದು ಕೇಳೋಕೆ ಚೆಂದ. ದಡದಲ್ಲಿ ಫಿಲೆಟ್ ಮಾಡೋರಿಗೆ 1997ರಿಂದ ಹ್ಯಾಸಪ್ (HACCP) ಅನ್ನೋ ಆಹಾರ ಸುರಕ್ಷತಾ ನಿಯಮ ಕಡ್ಡಾಯ, ಹಾಗಾಗಿ ಅಂಥ ಪ್ರೊಸೆಸರ್ ಹತ್ತಿರದಲ್ಲಿದ್ದಾರಾ ಅಂತ ಮೊದಲು ನೋಡಿ. ಇದ್ದರೆ ದೊಡ್ಡ ಟೆಂಡರ್‌ಗೆ ಕಾಯದೆ ಸಣ್ಣ ಖರೀದಿಯಿಂದ ಶುರು ಮಾಡಿಸಿ. ಸಣ್ಣ ಖರೀದಿಗೆ ಇರೋ ಮೊತ್ತದ ಮಿತಿಯೊಳಗಿದ್ದು ದರ ನ್ಯಾಯವಾಗಿದ್ದರೆ ಕೊಟೇಶನ್ ಕೇಳಲೇಬೇಕಿಲ್ಲ. ಆ ಮಿತಿಯನ್ನು 50 ಸಾವಿರ ಡಾಲರ್‌ವರೆಗೂ ಡಿಸ್ಟ್ರಿಕ್ಟೇ ದೃಢೀಕರಿಸಿ ಏರಿಸಿಕೊಳ್ಳಬಹುದು, ರಾಜ್ಯದ ಕಾನೂನು ಅಡ್ಡ ಬರದಿದ್ದರೆ.

ಉತ್ತರ: "ಬೈ ಅಮೆರಿಕನ್ (ಆದಷ್ಟು ಅಮೆರಿಕದ್ದೇ ಆಹಾರ ಕೊಳ್ಳಬೇಕು ಅನ್ನೋ ನಿಯಮ) ಇದೆಯಲ್ಲ, ಸಾಕು" ಅಂತ ಸಮಿತಿಯವರು ಜಾರಿಕೊಳ್ಳಬಹುದು, ಹುಷಾರು. ದೂರದ ಅಲಾಸ್ಕಾದ ಪೊಲಾಕ್ ಮೀನು ತಂದರೂ ಆ ನಿಯಮ ಪಾಲಿಸಿದಂತೆಯೇ. ನಿಮ್ಮ ದೋಣಿಯವರಿಗೆ ಅದರಿಂದ ಏನೂ ಗಿಟ್ಟಲ್ಲ.